ಬಯಲು ಸಂಗೀತೋತ್ಸವದಲ್ಲಿ ಎಳೆಯ ಮಕ್ಕಳು: ಪಾಲಕರಿಗೂ ಸಂಘಟಕರಿಗೂ ಒಂದು ಕೈಪಿಡಿ

ಜಾತ್ರಾ ಮಹೋತ್ಸವ, ಪುಣ್ಯಸ್ಮರಣೋತ್ಸವ, ಶಿವರಾತ್ರಿಯ ಜಾಗರಣೆ, ಶರಣರ ಜಯಂತಿ ಮೊದಲಾದ ಸಂದರ್ಭಗಳಲ್ಲಿ ಸಂಗೀತಸೇವೆ ನಡೆಯುವುದು ನಮ್ಮ ನಾಡಿನ ಮಠಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಮಠದ ಮುಂದಿನ ಬಯಲಿನಲ್ಲಿ ಚಪ್ಪರ ಹಾಕಿ, ಜಮಖಾನ ಹಾಸಿ, ಸಂಜೆ ಆರಂಭವಾದ ಗಾಯನ ನಡುರಾತ್ರಿಯವರೆಗೆ, ಕೆಲವೆಡೆ ಬೆಳಗಿನ ಜಾವದವರೆಗೆ ಸಾಗುತ್ತದೆ. ಅಂತಹ ಪ್ರತಿ ಸಂದರ್ಭದಲ್ಲಿಯೂ ಸದ್ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಎರಡು ವರ್ಷದ, ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಹೋಗಬೇಕೆ, ಮನೆಯಲ್ಲಿಯೇ ಬಿಡಬೇಕೆ?

ಕರೆದುಕೊಂಡು ಹೋಗಬೇಕು ಎಂಬುದೇ ನಮ್ಮ ಉತ್ತರ. ಆದರೆ ಮಗುವಿನ ಕಿವಿ, ನಿದ್ರೆ ಮತ್ತು ಸುರಕ್ಷತೆಯನ್ನು ಕಾಯುವ ಹೊಣೆ ಹೊತ್ತುಕೊಂಡು ಹೋಗಬೇಕು. ಈ ಹೊಣೆಯಲ್ಲಿ ಪಾಲಕರ ಪಾಲೆಷ್ಟು, ಉತ್ಸವ ನಡೆಸುವವರ ಪಾಲೆಷ್ಟು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಿವಿಯೇ ಕಣ್ಣಾದ ಪರಂಪರೆ

ಉತ್ತರ ಕರ್ನಾಟಕದ ಸಂಗೀತ ಪರಂಪರೆಯನ್ನು ನೆನೆಯುವಾಗ ಮೊದಲು ಕಣ್ಣಮುಂದೆ ಬರುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಅದರ ಸಂಸ್ಥಾಪಕರಾದ ಪಂಡಿತ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಹುಟ್ಟಿನಿಂದ ದೃಷ್ಟಿಯಿಲ್ಲದ ಆ ಬಾಲಕನ ಹೆಸರು ಗದಿಗೆಯ್ಯ. ಅವನ ಕಂಠವನ್ನು ಗುರುತಿಸಿ, ಸಂಗೀತ ಕಲಿಯುವ ದಾರಿಗೆ ಹಚ್ಚಿದವರು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು. ಮುಂದೆ ಆ ಬಾಲಕನೇ ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತರಾಗಿ, ತಮ್ಮಂತೆಯೇ ದೃಷ್ಟಿಯಿಲ್ಲದ ಮಕ್ಕಳಿಗೂ ಬಡಮಕ್ಕಳಿಗೂ ಅನ್ನ ಮತ್ತು ವಿದ್ಯೆ ನೀಡುವ ಗುರುಕುಲವನ್ನು ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊಣೆಯನ್ನು ಹೊತ್ತವರು ಪಂಡಿತ ಪುಟ್ಟರಾಜ ಗವಾಯಿಗಳು. ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅವರು ಹಲವು ವಾದ್ಯಗಳಲ್ಲಿ ಸಿದ್ಧಿ ಪಡೆದು, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಈ ಇಬ್ಬರು ಗುರುಗಳಿಗೂ ಲೋಕ ತೆರೆದುಕೊಂಡದ್ದು ಕಿವಿಯ ಮೂಲಕ. ಅವರ ಸ್ಮರಣೆಯಲ್ಲಿ ನಾವು ಸಂಗೀತೋತ್ಸವಗಳನ್ನು ಏರ್ಪಡಿಸುತ್ತೇವೆ. ಅಂತಹ ಉತ್ಸವದಲ್ಲಿಯೇ ಒಂದು ಎಳೆಯ ಕಿವಿಗೆ ಹಾನಿಯಾದರೆ ನಮ್ಮ ಸ್ಮರಣೆಗೆ ಏನರ್ಥ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಷಯಗಳನ್ನು ಓದಬೇಕೆಂದು ವಿನಂತಿಸುತ್ತೇವೆ.

ಮಕ್ಕಳನ್ನು ಸಂಗೀತದಿಂದ ದೂರವಿಡುವುದೂ ಪರಿಹಾರವಾಗದು. 1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಗಂಗೂಬಾಯಿ ಹಾನಗಲ್ ಅವರು ಆಗ ಹನ್ನೆರಡು ವರ್ಷವೂ ತುಂಬದ ಬಾಲೆ. 1922ರಲ್ಲಿ ಜನಿಸಿದ ಗದಗ ಸೀಮೆಯ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಭಜನೆಯ ಮೇಳ, ಮೆರವಣಿಗೆಯ ವಾದ್ಯ ಕೇಳಿಸಿದರೆ ಸಾಕು, ಅದರ ಹಿಂದೆಯೇ ನಡೆದು ಹೋಗುತ್ತಿದ್ದರು. ದೊಡ್ಡ ಗಾಯಕರೂ ಒಳ್ಳೆಯ ಕೇಳುಗರೂ ರೂಪುಗೊಂಡದ್ದು ಹೀಗೆ ಊರಿನ ಬೀದಿಯಲ್ಲಿ, ಗುಡಿಯ ಅಂಗಳದಲ್ಲಿ, ಜಾತ್ರೆಯ ಬಯಲಿನಲ್ಲಿ. ಇಂದಿನ ಮಗುವಿಗೆ ಆ ಬಯಲು ಮುಚ್ಚಿದರೆ ನಾಳೆ ಚಪ್ಪರದಲ್ಲಿ ಕೇಳುಗರೇ ಇರಲಾರರು.

ಯಾವ ಉತ್ಸವ, ಯಾವ ಹೊತ್ತು

ಎಲ್ಲ ಬಯಲು ಸಂಗೀತೋತ್ಸವಗಳೂ ಒಂದೇ ಬಗೆಯವಲ್ಲ. ಮಗುವನ್ನು ಕರೆದೊಯ್ಯುವ ಮುನ್ನ ಕಾಲ, ಸ್ಥಳ, ಹೊತ್ತು ಇವು ಮೂರನ್ನೂ ವಿಚಾರಿಸಬೇಕು.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ಶ್ರೀ ರಾಮಸೇವಾ ಮಂಡಳಿಯು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಬೇಸಿಗೆಯ ಸಂಜೆಗಳದ್ದು. ಅಲ್ಲಿ ಸೆಕೆ, ಬಾಯಾರಿಕೆ, ಅಕಾಲಿಕ ಮಳೆ ಇವೇ ಎದುರಾಗುವ ತೊಂದರೆಗಳು. ದಸರೆಯ ದಿನಗಳಲ್ಲಿ ಮೈಸೂರು ಅರಮನೆಯ ಮುಂದೆ ನಡೆಯುವ ಕಛೇರಿಗಳೂ ಸಂಜೆಯವೇ. ಆದರೆ ಅಲ್ಲಿಗೆ ಹೋಗಿ ಬರುವ ದಾರಿಯಲ್ಲಿ ದೀಪಾಲಂಕಾರ ನೋಡಲು ಬಂದ ಜನಸಂದಣಿ ಇರುತ್ತದೆ.

ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ನಿಧನರಾದರು. ಅವರ ಶಿಷ್ಯ ಭೀಮಸೇನ ಜೋಶಿಯವರು ಮರುವರ್ಷವೇ ಪುಣೆಯಲ್ಲಿ ಆರಂಭಿಸಿದ ಸಂಗೀತ ಮಹೋತ್ಸವ ಡಿಸೆಂಬರಿನ ಚಳಿಯಲ್ಲಿ, ಬಯಲಿನ ಮಂಟಪದಲ್ಲಿ ನಡೆಯುತ್ತದೆ. ಹಿಂದೆ ಅದು ಅಹೋರಾತ್ರಿ ನಡೆಯುತ್ತಿತ್ತು. ರಾತ್ರಿಯ ಧ್ವನಿವರ್ಧಕ ಬಳಕೆಗೆ ಕಾನೂನಿನ ನಿರ್ಬಂಧ ಬಂದ ಮೇಲೆ ಅದರ ವೇಳಾಪಟ್ಟಿ ಬದಲಾಯಿತು. ನಡುರಾತ್ರಿಯ ಮತ್ತು ಬೆಳಗಿನ ಜಾವದ ರಾಗಗಳನ್ನು ಅವುಗಳ ಹೊತ್ತಿನಲ್ಲಿಯೇ ಕೇಳುವ ಸುಖ ಕಡಿಮೆಯಾಯಿತೆಂದು ಹಿರಿಯ ರಸಿಕರಿಗೆ ಅನಿಸುವುದು ಸಹಜ. ಆದರೆ ಮಧ್ಯಾಹ್ನದ ಮತ್ತು ಸಂಜೆಯ ಗೋಷ್ಠಿಗಳಿಗೆ ಎಳೆಯ ಮಕ್ಕಳೊಡನೆ ಬರುವುದು ಪಾಲಕರಿಗೆ ಸುಲಭವಾಯಿತೆಂಬುದನ್ನೂ ಒಪ್ಪಬೇಕು.

ಮಠಗಳ ಉತ್ಸವಗಳಿಗೆ ಬಂದರೆ, ಧರ್ಮಸಭೆ, ಸನ್ಮಾನ, ಆಶೀರ್ವಚನಗಳು ಮುಗಿದ ನಂತರ ಸಂಗೀತ ಆರಂಭವಾಗುವುದು ರೂಢಿ. ಏಳು ಗಂಟೆಯೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಗಾಯನ ಒಂಬತ್ತೂವರೆಗೆ ಶುರುವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹೊತ್ತಿಗೆ ಮಗು ದಣಿದಿರುತ್ತದೆ. ಆದ್ದರಿಂದ ಗಾಯನ ನಿಜವಾಗಿ ಯಾವಾಗ ಆರಂಭವಾಗುವುದೆಂದು ಮಠದ ಕಾರ್ಯಾಲಯದಲ್ಲಿ ವಿಚಾರಿಸಿಕೊಂಡು ಹೊರಡುವುದು ಲೇಸು.

ವಯಸ್ಸಿಗೆ ತಕ್ಕ ಮಿತಿ

ಆರು ತಿಂಗಳೊಳಗಿನ ಶಿಶುವನ್ನು ಧ್ವನಿವರ್ಧಕವಿರುವ ಸಭೆಗೆ ಕರೆತರದಿರುವುದೇ ಮೇಲೆಂಬುದು ನಮ್ಮ ಅಭಿಪ್ರಾಯ. ತರಲೇಬೇಕಾದರೆ ದರ್ಶನ ಮುಗಿಸಿ, ವಾದ್ಯಗಳ ಶ್ರುತಿ ಕೂಡುವ ಮುನ್ನವೇ ಹಿಂದಿರುಗಬಹುದು.

ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಗುವಿಗೆ ಒಂದು ಗಾಯನದ ಸ್ವಲ್ಪ ಭಾಗವೇ ಸಾಕು. ಅರ್ಧ ಗಂಟೆಯನ್ನು ಮಿತಿಯೆಂದು ಮೊದಲೇ ನಿಶ್ಚಯಿಸಿಕೊಂಡು ಹೋದರೆ ಮಗುವಿಗೂ ಹಿರಿಯರಿಗೂ ನೆಮ್ಮದಿ.

ಮೂರರಿಂದ ಆರು ವರ್ಷದ ಮಕ್ಕಳು, ನಡುವೆ ಎದ್ದು ಓಡಾಡಲು ಅವಕಾಶವಿದ್ದರೆ, ಒಂದು ಗಂಟೆಯವರೆಗೆ ಆನಂದದಿಂದ ಇರಬಲ್ಲರು.

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಉತ್ಸವದ ದಿನ ಮಧ್ಯಾಹ್ನ ಚೆನ್ನಾಗಿ ಮಲಗಿಸುವುದು, ಮರುದಿನ ಬೆಳಿಗ್ಗೆ ಬೇಗನೆ ಎಬ್ಬಿಸದಿರುವುದು ಇದರಿಂದ ತಾನಾಗಿಯೇ ಬರುವ ನಿಯಮಗಳು. ಅಹೋರಾತ್ರಿ ಜಾಗರಣೆ ಹಿರಿಯರ ವ್ರತ. ಎಳೆಯ ಮಗುವಿಗೆ ಆ ವ್ರತವಿಲ್ಲ.

ಎಳೆಯ ಕಿವಿ ಮತ್ತು ಧ್ವನಿವರ್ಧಕ

ಜಾತ್ರೆಯ ರಾತ್ರಿಗಳಲ್ಲಿ ಒಂದು ದೃಶ್ಯವನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ವೇದಿಕೆಯ ಬದಿಯಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳು. ಅವುಗಳಿಂದ ನಾಲ್ಕು ಮಾರು ದೂರದಲ್ಲಿ ತಾಯಿಯ ಮಡಿಲಲ್ಲಿ ಮಗು ಮಲಗಿರುತ್ತದೆ. ‘ಮಗು ನಿದ್ದೆ ಮಾಡ್ತಾ ಇದೆ, ಅದಕ್ಕೇನೂ ತೊಂದರೆ ಇಲ್ಲ’ ಎಂದು ಸುತ್ತಲಿನವರು ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ನಿದ್ರೆಯಲ್ಲಿ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ದಣಿದ ಮಗು ಎಂತಹ ಸದ್ದಿನಲ್ಲಿಯೂ ಮಲಗಬಲ್ಲದು, ಆದರೆ ಶಬ್ದದ ಹೊಡೆತ ಒಳಗಿವಿಗೆ ತಲುಪುತ್ತಲೇ ಇರುತ್ತದೆ.

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ಅತಿಯಾದ ಶಬ್ದದಿಂದ ಅವು ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಎಳೆಯ ಮಗುವಿನ ಕಿವಿಯ ನಾಳ ಚಿಕ್ಕದಾದ್ದರಿಂದ ಮೇಲಿನ ಸ್ಥಾಯಿಯ ಶಬ್ದದ ಒತ್ತಡ ಅಲ್ಲಿ ಹಿರಿಯರ ಕಿವಿಯಲ್ಲಿರುವುದಕ್ಕಿಂತ ಹೆಚ್ಚು. ತನಗೆ ನೋವಾಗುತ್ತಿದೆ ಎಂದು ಹೇಳುವ ಮಾತೂ ಅದಕ್ಕೆ ಬಾರದು.

ಶಬ್ದವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಅಳತೆಯಲ್ಲಿ 3 ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಸುರಕ್ಷಿತವಾಗಿ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. ಕಿವಿಗೆ ಹಾಕಿಕೊಂಡು ಕೇಳುವ ಸಾಧನಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಮಾನದಂಡದಲ್ಲಿ ಮಕ್ಕಳಿಗೆ ಇರುವ ಮಿತಿ, ವಾರಕ್ಕೆ 40 ಗಂಟೆ 75 ಡೆಸಿಬೆಲ್. ಅದೇ ಲೆಕ್ಕವನ್ನು ಮುಂದುವರಿಸಿದರೆ ಇಡೀ ವಾರಕ್ಕೆ ಸಿಗುವ ಅವಧಿ ಹೀಗಾಗುತ್ತದೆ:

81 ಡೆಸಿಬೆಲ್ – 10 ಗಂಟೆ
90 ಡೆಸಿಬೆಲ್ – 75 ನಿಮಿಷ
100 ಡೆಸಿಬೆಲ್ – ಸುಮಾರು 7 ನಿಮಿಷ

ಸಂಗೀತ ಕಾರ್ಯಕ್ರಮ ನಡೆಯುವ ಸ್ಥಳಗಳಿಗಾಗಿ ಅದೇ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ, 15 ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ಹೇಳಿದೆ. ಅಂದರೆ ಉತ್ಸವವೊಂದು ಈ ಗರಿಷ್ಠ ಮಿತಿಯೊಳಗೇ ಇದ್ದರೂ, ಎಳೆಯ ಮಗುವಿನ ವಾರದ ಪಾಲು ಒಂದೇ ಹಾಡಿನಲ್ಲಿ ಮುಗಿದುಹೋಗಬಹುದು.

ಅಳೆಯುವ ಯಂತ್ರ ಕೈಯಲ್ಲಿಲ್ಲದಿದ್ದರೆ ಒಂದು ಸರಳ ಪರೀಕ್ಷೆಯಿದೆ. ಕೈಯಳತೆಯ ದೂರದಲ್ಲಿರುವವರೊಡನೆ ಮಾತನಾಡಲು ಕೂಗಬೇಕಾದರೆ, ಆ ಜಾಗ ಮಗುವಿಗೆ ತಕ್ಕುದಲ್ಲ. ಶಬ್ದ ಅಳೆಯುವ ಮೊಬೈಲ್ ಆ್ಯಪ್‌ಗಳು ನಿಖರವಲ್ಲವಾದರೂ ಅಂದಾಜಿಗೆ ಸಾಕಾಗುತ್ತವೆ.

ಕಿವಿಯ ರಕ್ಷಣೆಗೆ ಹತ್ತಿಯನ್ನು ಇಡುವುದು ನಮ್ಮಲ್ಲಿ ರೂಢಿ. ಚಳಿಗಾಳಿಗೆ ಅದು ಸರಿಯೆನಿಸಬಹುದು, ಧ್ವನಿವರ್ಧಕದ ಎದುರು ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸ್ಪಂಜಿನಂತಹ ಇಯರ್‌ಪ್ಲಗ್‌ಗಳನ್ನು ಎಳೆಯ ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಇಯರ್‌ಮಫ್ ಎಂದು ಕರೆಯುವ, ಎರಡೂ ಕಿವಿಗಳನ್ನು ಪೂರ್ತಿ ಮುಚ್ಚುವ ಮಕ್ಕಳ ಅಳತೆಯ ಕವಚವೇ ಉತ್ತಮ. ಸರಿಯಾಗಿ ಕೂತರೆ ಅದು ಸುಮಾರು 20 ಡೆಸಿಬೆಲ್ ತಗ್ಗಿಸಬಲ್ಲದು. ಹಾಡು ಆಗಲೂ ಮಗುವಿಗೆ ಕೇಳಿಸುತ್ತದೆ. ಉತ್ಸವಕ್ಕೆ ಮುನ್ನ ಮನೆಯಲ್ಲಿ ಎರಡು ಮೂರು ದಿನ ಆಟವಾಗಿ ಹಾಕಿ ರೂಢಿ ಮಾಡಿಸಬೇಕು.

ಮಗು ಪದೇ ಪದೇ ಕಿವಿ ಮುಟ್ಟಿಕೊಂಡರೆ, ಕಿವಿಯಲ್ಲಿ ಗುಂಯ್‌ಗುಡುತ್ತಿದೆ ಎಂದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ತಕ್ಷಣ ಅಲ್ಲಿಂದ ಹೊರಡಬೇಕು. ಮರುದಿನವೂ ಆ ಲಕ್ಷಣಗಳು ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು.

ಎಲ್ಲಿ ಕೂರಬೇಕು

ಬಯಲಿನಲ್ಲಿ ಒಂದು ಧ್ವನಿಪೆಟ್ಟಿಗೆಯಿಂದ ನಮ್ಮ ದೂರ ಇಮ್ಮಡಿಯಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರಿನಿಂದ 20 ಮೀಟರಿಗೆ ಸರಿದರೆ 12 ಡೆಸಿಬೆಲ್ ಕಡಿಮೆ. ಖರ್ಚಿಲ್ಲದ ರಕ್ಷಣೆ ಇದಕ್ಕಿಂತ ಬೇರೆ ಇಲ್ಲ.

ಆದರೆ ಇಲ್ಲೊಂದು ಎಚ್ಚರ ಬೇಕು. ದೊಡ್ಡ ಜಾತ್ರೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ನಡುನಡುವೆ ಕಂಬಗಳಿಗೆ ಹಾರ್ನ್‌ಗಳನ್ನು ಕಟ್ಟಿರುತ್ತಾರೆ. ವೇದಿಕೆಯಿಂದ ದೂರ ಬಂದೆವೆಂದು ನೆಮ್ಮದಿಯಿಂದ ಕುಳಿತರೆ ತಲೆಯ ಮೇಲೆಯೇ ಇನ್ನೊಂದು ಹಾರ್ನ್ ಇರಬಹುದು. ಕೂರುವ ಮುನ್ನ ಅತ್ತಿತ್ತ, ಮೇಲೆ ನೋಡಿ, ಹತ್ತಿರದ ಪೆಟ್ಟಿಗೆ ಎಲ್ಲಿದೆಯೆಂದು ಗುರುತಿಸಬೇಕು.

ಚಪ್ಪರದ ಅಂಚು, ಹೊರಹೋಗುವ ದಾರಿಗೆ ಸಮೀಪದ ಜಾಗ ಮಕ್ಕಳಿರುವ ಕುಟುಂಬಕ್ಕೆ ಪ್ರಶಸ್ತ. ಗಾಳಿ ಆಡುತ್ತದೆ, ಬೇಕೆಂದಾಗ ಯಾರಿಗೂ ತೊಂದರೆಯಾಗದಂತೆ ಏಳಬಹುದು. ಜನರೇಟರ್, ಒಲೆ, ವಿದ್ಯುತ್ ತಂತಿಗಳ ಗೊಂಚಲು, ವಾಹನ ನಿಲುಗಡೆ ಇವುಗಳಿಂದ ದೂರವಿರಬೇಕು.

ಮಗು ಅತ್ತರೆ ನಾಚಿಕೆಪಡುವ ಅಗತ್ಯವಿಲ್ಲ. ಎತ್ತಿಕೊಂಡು ಹೊರಗೆ ಹೋಗಿ, ಸಮಾಧಾನಪಡಿಸಿ, ಒಂದು ಕೃತಿಯೋ ಬಂದಿಶ್ ಒಂದೋ ಮುಗಿದ ಬಿಡುವಿನಲ್ಲಿ ಮರಳಬಹುದು. ಸುತ್ತಲಿನ ಕೇಳುಗರೂ ಆ ತಾಯಿಯನ್ನು ತಿರುಗಿ ತಿರುಗಿ ನೋಡಿ ಮುಜುಗರಪಡಿಸಬಾರದು. ಪ್ರತಿ ಸಲವೂ ತಾಯಿಯೇ ಎದ್ದು ಹೋಗಬೇಕೆಂಬ ನಿಯಮವೂ ಇಲ್ಲ. ತಾಯಿ ಒಂದು ರಾಗವನ್ನು ಪೂರ್ತಿ ಕೇಳುವಷ್ಟು ಹೊತ್ತು ಮಗು ತಂದೆಯ ಹೆಗಲ ಮೇಲಿರಲಿ. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಅನುಭವ ಮಂಟಪದಲ್ಲಿ ಸ್ಥಾನವಿತ್ತೆಂದು ಹೆಮ್ಮೆಪಡುವ ನಾವು, ಮಕ್ಕಳೊಂದಿಗರಾದ ತಾಯಂದಿರಿಗೆ ಸಂಗೀತ ಮಂಟಪದಲ್ಲಿ ಸ್ಥಾನ ತಪ್ಪದಂತೆ ನೋಡಿಕೊಳ್ಳಬೇಡವೇ?

ಮಗುವಿನ ಮನಸ್ಸನ್ನು ಸಿದ್ಧಗೊಳಿಸುವುದು

ಖಯಾಲ್ ಗಾಯನ ನಿಧಾನವಾದ ವಿಲಂಬಿತದಿಂದ ಆರಂಭವಾಗಿ ದ್ರುತಕ್ಕೆ ಏರುತ್ತದೆ. ಎಳೆಯ ಮಗುವಿಗೆ ಆರಂಭದ ಆಲಾಪ ದೀರ್ಘವೆನಿಸುವುದು ಸಹಜ. ದ್ರುತ್ ಬಂದಿಶ್, ತರಾನಾ, ತಬಲಾದೊಡನೆ ನಡೆಯುವ ಸವಾಲ್-ಜವಾಬ್, ಕೊನೆಗೆ ಬರುವ ವಚನಗಾಯನ ಮಕ್ಕಳನ್ನು ಹಿಡಿದು ನಿಲ್ಲಿಸುತ್ತವೆ. ಕರ್ನಾಟಕ ಸಂಗೀತ ಕಛೇರಿಯಲ್ಲಿ ಮೃದಂಗದ ತನಿ ಆವರ್ತನ ಮತ್ತು ಕೊನೆಯ ಭಾಗದ ದೇವರನಾಮ, ವಚನ, ತಿಲ್ಲಾನಗಳು ಅಂತಹ ಘಟ್ಟಗಳು. ಮಗುವಿಗೆ ಅರ್ಧ ಗಂಟೆಯೇ ಮಿತಿಯಾದರೆ ಆ ಅರ್ಧ ಗಂಟೆ ಇವುಗಳಲ್ಲಿ ಒಂದಾಗಿರಲಿ.

ಉತ್ಸವಕ್ಕೆ ಒಂದು ವಾರ ಮೊದಲು ಮನೆಯಲ್ಲಿ ಒಂದೇ ಒಂದು ವಚನವನ್ನು ದಿನಾಲೂ ಸಂಜೆ ಹಾಡಬಹುದು ಇಲ್ಲವೆ ಕೇಳಿಸಬಹುದು. ಬಯಲಿನಲ್ಲಿ ಅದೇ ವಚನ ಕಿವಿಗೆ ಬಿದ್ದಾಗ, ‘ಇದು ನಮ್ಮ ಮನೆಯ ಹಾಡು’ ಎಂದು ಮಗು ಕಣ್ಣರಳಿಸುತ್ತದೆ.

ತಾಳ ಹಾಕುವುದು ಮಕ್ಕಳಿಗೆ ಆಟವೇ. ಕರ್ನಾಟಕ ಪದ್ಧತಿಯ ಆದಿತಾಳದಲ್ಲಿ ಎಂಟು ಎಣಿಕೆಗಳು: ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಬೀಸುವುದು ಎರಡು ಸಲ. ಹಿಂದುಸ್ತಾನಿ ಪದ್ಧತಿಯ ತೀನ್‌ತಾಲದಲ್ಲಿ ಹದಿನಾರು ಮಾತ್ರೆಗಳು: 1, 5 ಮತ್ತು 13ಕ್ಕೆ ತಟ್ಟು, 9ಕ್ಕೆ ಬೀಸು. ಐದು ವರ್ಷದ ಮಗುವಿನ ಕೈ ಹಿಡಿದು ಮನೆಯಲ್ಲಿ ಇದನ್ನು ಹೇಳಿಕೊಟ್ಟರೆ, ಉತ್ಸವದಲ್ಲಿ ತಬಲಾ ವಾದಕರ ಕೈಯನ್ನೇ ನೋಡುತ್ತ ಅದು ತಾನಾಗಿ ಕುಳಿತಿರುತ್ತದೆ.

ಉಡುಗೆ, ಆಹಾರ, ಆಟಿಕೆ

ಚಳಿಗಾಲದ ರಾತ್ರಿಗೆ ಒಂದೇ ದಪ್ಪ ಬಟ್ಟೆಗಿಂತ ಪದರ ಪದರವಾದ ಉಡುಗೆ, ತಲೆಗೆ ಕುಲಾವಿ, ನೆಲದ ತಂಪು ತಟ್ಟದಂತೆ ಕೌದಿ ಅಥವಾ ಕಂಬಳಿ ಬೇಕು. ಬೇಸಿಗೆಯಲ್ಲಿ ಸಡಿಲವಾದ ಹತ್ತಿಯ ಬಟ್ಟೆ ಸಾಕು. ಬಿಸಿಲು ತಪ್ಪಿಸಲೆಂದು ಮಗುವಿನ ತಳ್ಳುಗಾಡಿಯನ್ನು ಬಟ್ಟೆಯಿಂದ ಪೂರ್ತಿ ಮುಚ್ಚಬಾರದು. ಒಳಗೆ ಗಾಳಿಯಾಡದೆ ಶಾಖ ಏರುತ್ತದೆ. ಸೊಳ್ಳೆಯಿಂದ ರಕ್ಷಣೆಗೆ ಕೈಕಾಲು ಮುಚ್ಚುವ ಉಡುಗೆಯೇ ಮೊದಲ ಉಪಾಯ.

ಕುಡಿಯುವ ನೀರನ್ನು ಮನೆಯಿಂದಲೇ ತರುವುದು ಒಳ್ಳೆಯದು. ಆರು ತಿಂಗಳೊಳಗಿನ ಶಿಶುವಿಗೆ ತಾಯಿಯ ಹಾಲೇ ಸಾಕು, ಬೇರೆ ನೀರು ಬೇಡ. ದಾಸೋಹದ ಬಿಸಿ ಅನ್ನ-ಸಾರು ಮಗುವಿನ ಹೊಟ್ಟೆಗೆ ಹಿತವೇ. ಜಾತ್ರೆಯ ಅಂಗಡಿಗಳ ಶೇಂಗಾ, ಪುಟಾಣಿ, ಗಟ್ಟಿ ಬೆಂಡು-ಬತ್ತಾಸುಗಳನ್ನು ಎಳೆಯ ಮಕ್ಕಳ ಕೈಗೆ ಇಡಿಯಾಗಿ ಕೊಡಬಾರದು. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಒಡೆದ ಬಲೂನಿನ ಚೂರುಗಳಿಂದಲೂ ಅದೇ ಅಪಾಯ.

ಜಾತ್ರೆಯಲ್ಲಿ ಮಾರುವ ಮಿನುಗುವ ಆಟಿಕೆಗಳಲ್ಲಿ ಗುಂಡಿಯಾಕಾರದ ಪುಟ್ಟ ಬ್ಯಾಟರಿಗಳಿರುತ್ತವೆ. ಮುಚ್ಚಳ ಸಡಿಲವಾದರೆ ಮಗು ಅದನ್ನು ನುಂಗಬಹುದು. ನುಂಗಿದ ಬ್ಯಾಟರಿ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡಬಲ್ಲದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಯತ್ನಿಸದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು.

ದ್ವಿಚಕ್ರ ವಾಹನದಲ್ಲಿ ರಾತ್ರಿ ಹಿಂದಿರುಗುವವರು ಗಮನಿಸಬೇಕಾದ ನಿಯಮವೊಂದಿದೆ. 2022ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಸುರಕ್ಷಾಪಟ್ಟಿಯಿಂದ ಬಿಗಿದಿರಬೇಕು, 9 ತಿಂಗಳಿನಿಂದ 4 ವರ್ಷದ ಮಕ್ಕಳಿಗೆ ಅಳತೆಗೆ ತಕ್ಕ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ನಿದ್ದೆಗಣ್ಣಿನ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವ ಅಭ್ಯಾಸವನ್ನು ಸದ್ಭಕ್ತರು ಬಿಡಲೇಬೇಕು.

ಮಗು ಗುಂಪಿನಲ್ಲಿ ತಪ್ಪಿಸಿಕೊಳ್ಳದಂತೆ

ಬಾಲಕ ಭೀಮಸೇನರ ಪ್ರಸಂಗ ಇಲ್ಲಿ ಮತ್ತೆ ನೆನಪಾಗುತ್ತದೆ. ವಾದ್ಯಮೇಳದ ಹಿಂದೆ ಹೋದ ಹುಡುಗ ದಣಿದು ಎಲ್ಲಿಯೋ ಮಲಗಿಬಿಡುತ್ತಿದ್ದ. ಹುಡುಕಿ ಬೇಸತ್ತ ಅವರ ತಂದೆ, ಶಾಲಾ ಶಿಕ್ಷಕರಾಗಿದ್ದ ಗುರುರಾಜ ಜೋಶಿಯವರು, ಮಗನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗನೆಂದು ಬರೆಸಿದ್ದರಂತೆ. ಕಂಡವರು ಓದಿ ಹುಡುಗನನ್ನು ಮನೆಗೆ ತಲುಪಿಸುತ್ತಿದ್ದರು. ಆ ಉಪಾಯ ಇಂದಿಗೂ ಹಳತಾಗಿಲ್ಲ. ಆದರೆ ಅಂದು ಊರಿಗೆ ಊರೇ ಪರಿಚಿತವಾಗಿತ್ತು, ಇಂದಿನ ಗುಂಪಿನಲ್ಲಿ ಅಪರಿಚಿತರೇ ಹೆಚ್ಚು. ಹೆಸರು ಎಲ್ಲರಿಗೂ ಕಾಣುವಂತಿದ್ದರೆ ಕೇಡು ಬಗೆಯುವವರೂ ಹೆಸರು ಹಿಡಿದು ಕರೆಯಬಲ್ಲರು. ಆದ್ದರಿಂದ ಪಾಲಕರ ಮೊಬೈಲ್ ಸಂಖ್ಯೆಯನ್ನು ಮಾತ್ರ ಅಂಗಿಯ ಒಳಮಗ್ಗುಲಲ್ಲಿ ಅಥವಾ ಮುಂಗೈಗೆ ಕಟ್ಟಿದ ಪಟ್ಟಿಯ ಒಳಬದಿಯಲ್ಲಿ ಬರೆಯುವುದು ಕ್ಷೇಮ.

ಇನ್ನು ಕೆಲವು ಕ್ರಮಗಳು:

ಮನೆಯಿಂದ ಹೊರಡುವಾಗ, ಅಂದಿನ ಉಡುಗೆಯಲ್ಲಿಯೇ ಮಗುವಿನ ಒಂದು ಭಾವಚಿತ್ರ ತೆಗೆದುಕೊಳ್ಳಬೇಕು.

ತಂದೆ-ತಾಯಿಯ ಪೂರ್ಣ ಹೆಸರು ಮತ್ತು ಊರನ್ನು ಹೇಳಲು ಮೂರು ವರ್ಷ ದಾಟಿದ ಮಗುವಿಗೆ ಕಲಿಸಬೇಕು. ‘ಅವ್ವ’, ‘ಅಪ್ಪ’ ಎಂದರೆ ಧ್ವನಿವರ್ಧಕದಲ್ಲಿ ಕೂಗಿ ಕರೆಯುವವರಿಗೆ ಪ್ರಯೋಜನವಿಲ್ಲ.

ತಪ್ಪಿಸಿಕೊಂಡರೆ ಓಡಾಡದೆ ನಿಂತಲ್ಲಿಯೇ ನಿಲ್ಲಬೇಕೆಂದೂ, ಪೊಲೀಸರನ್ನೋ ಮಠದ ಸ್ವಯಂಸೇವಕರನ್ನೋ ಮಕ್ಕಳನ್ನು ಕರೆತಂದ ತಾಯಿಯೊಬ್ಬರನ್ನೋ ಕೇಳಬೇಕೆಂದೂ ಹೇಳಿಕೊಡಬೇಕು.

‘ನೀನು ನೋಡ್ಕೋತೀ ಅಂತ ನಾನು ಅಂದ್ಕೊಂಡೆ’ ಎಂಬ ಮಾತಿಗೆ ಎಡೆಯಿಲ್ಲದಂತೆ, ಯಾವ ಹೊತ್ತಿನಲ್ಲಿ ಮಗು ಯಾರ ವಶದಲ್ಲಿದೆ ಎಂಬುದು ಮನೆಯವರಿಗೆಲ್ಲ ಸ್ಪಷ್ಟವಿರಬೇಕು.

ಮಗು ಕಾಣದಿದ್ದರೆ ನಾವೇ ಹುಡುಕೋಣವೆಂದು ಹೊತ್ತು ಕಳೆಯದೆ ಕೂಡಲೇ ಸ್ವಯಂಸೇವಕರಿಗೂ ಪೊಲೀಸರಿಗೂ ತಿಳಿಸಬೇಕು. ತುರ್ತು ಸಂಖ್ಯೆ 112, ಮಕ್ಕಳ ಸಹಾಯವಾಣಿ 1098.

ಸಂಘಟಕರ ಹೊಣೆ

ಪಾಲಕರು ಎಷ್ಟೇ ಎಚ್ಚರವಹಿಸಿದರೂ ಧ್ವನಿಯ ಕೀಲಿ ಇರುವುದು ಸಂಘಟಕರ ಕೈಯಲ್ಲಿ. ಈ ಮಾತನ್ನು ಮಠಗಳ ಉತ್ಸವ ಸಮಿತಿಗಳವರಿಗೂ ನಮಗೆ ನಾವೇ ಎಂಬಂತೆ ಹೇಳಿಕೊಳ್ಳುತ್ತಿದ್ದೇವೆ.

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ರಲ್ಲಿ ಜಾರಿಗೆ ಬಂದಿವೆ. ಅವುಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ರಾಜ್ಯ ಸರ್ಕಾರ ಅನುಮತಿ ನೀಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವಾಗಿ ಘೋಷಿಸಲು ಅವಕಾಶವಿದೆ. ಇದನ್ನು ಸಂಗೀತಕ್ಕೆ ಬಂದ ಅಡ್ಡಿಯೆಂದು ಭಾವಿಸುವುದಕ್ಕಿಂತ, ಹತ್ತು ಗಂಟೆಯ ನಂತರದ ಗಾಯನವನ್ನು ಮಠದ ಒಳಾಂಗಣದಲ್ಲಿ, ಧ್ವನಿವರ್ಧಕವಿಲ್ಲದ ಹಳೆಯ ಬೈಠಕ್ ಕ್ರಮದಲ್ಲಿ ನಡೆಸಬಹುದು. ತಂಬೂರಿಯ ನಾದ ನೇರವಾಗಿ ಕಿವಿಗೆ ಮುಟ್ಟುವ ಆ ಸುಖವನ್ನು ಇಂದಿನ ಎಷ್ಟೋ ಕೇಳುಗರು ಅನುಭವಿಸಿಯೇ ಇಲ್ಲ.

ಇದರೊಂದಿಗೆ ಸಮಿತಿಗಳು ಮಾಡಬಹುದಾದವು:

ಮಕ್ಕಳು ಬರುವ ಸಂಜೆಯ ಮೊದಲ ಗಂಟೆಯಲ್ಲಿ ಭಾಷಣಗಳನ್ನು ಮೊಟಕುಗೊಳಿಸಿ ವಚನಗಾಯನವನ್ನೋ ವಾದ್ಯಸಂಗೀತವನ್ನೋ ಇಡುವುದು.

ಧ್ವನಿಪೆಟ್ಟಿಗೆಗಳ ಮುಂದಿನ ಕೆಲವು ಮೀಟರ್ ಜಾಗಕ್ಕೆ ಹಗ್ಗ ಕಟ್ಟಿ ಯಾರೂ ಕೂರದಂತೆ ನೋಡಿಕೊಳ್ಳುವುದು. ಮುಂದಿನ ಸಾಲಿನ ನೆಲಹಾಸಿನಲ್ಲಿ ಮಕ್ಕಳನ್ನು ಕೂರಿಸುವ ಪದ್ಧತಿಯನ್ನು ಕೈಬಿಡುವುದು.

ಧ್ವನಿ ವ್ಯವಸ್ಥೆಯವರಿಗೆ ಮಿತಿಯನ್ನು ಮೊದಲೇ ತಿಳಿಸಿ, ಡೆಸಿಬೆಲ್ ಮಾಪಕವನ್ನು ಹಿಡಿದು ಆಗಾಗ ಪರೀಕ್ಷಿಸಲು ಒಬ್ಬರನ್ನು ನೇಮಿಸುವುದು.

ಹಾರ್ನ್‌ಗಳಿಂದ ದೂರದಲ್ಲಿ, ತಾಯಂದಿರು ಹಾಲುಣಿಸಲು ಮತ್ತು ಮಕ್ಕಳು ಮಲಗಲು ಒಂದು ಶಾಂತವಾದ ಕೋಣೆ, ಅದರ ಬಳಿಯಲ್ಲಿಯೇ ನೀರು ಮತ್ತು ಶೌಚಾಲಯದ ವ್ಯವಸ್ಥೆ ಮಾಡುವುದು.

ತಪ್ಪಿಸಿಕೊಂಡ ಮಕ್ಕಳಿಗಾಗಿ ದೀಪವಿರುವ ಒಂದು ನಿರ್ದಿಷ್ಟ ಸ್ಥಳ ಗುರುತಿಸಿ, ಅಲ್ಲಿ ಕನಿಷ್ಠ ಇಬ್ಬರು ಸ್ವಯಂಸೇವಕರಿರುವಂತೆ ನೋಡಿಕೊಳ್ಳುವುದು. ಸಿಕ್ಕ ಮಗುವಿನ ಹೆಸರು, ಗುರುತುಗಳೆಲ್ಲವನ್ನೂ ಧ್ವನಿವರ್ಧಕದಲ್ಲಿ ಸಾರಬಾರದು. ಬಂದವರು ತಾವೇ ಗುರುತು ಹೇಳಿ, ಭಾವಚಿತ್ರ ತೋರಿಸಿದ ಮೇಲೆ ಮಾತ್ರ ಮಗುವನ್ನು ಒಪ್ಪಿಸಬೇಕು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ವೆಚ್ಚವಿಲ್ಲ. ಸಾವಿರಾರು ಜನರಿಗೆ ದಾಸೋಹ ನಡೆಸಬಲ್ಲ ಮಠಗಳಿಗೆ ಮಕ್ಕಳಿಗಾಗಿ ಒಂದು ಶಾಂತವಾದ ಮೂಲೆ ಒದಗಿಸುವುದು ಭಾರವಾಗದು.

ಉಪಸಂಹಾರ

ತನ್ನ ದೇಹವನ್ನೇ ವಾದ್ಯವಾಗಿಸಿಕೊಂಡು ನುಡಿಸೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಒಂದು ವಚನದಲ್ಲಿ ಬೇಡಿಕೊಂಡಿದ್ದಾರೆ. ದೇಹ ವಾದ್ಯವಾದರೆ ಅದನ್ನು ಸುಸ್ಥಿತಿಯಲ್ಲಿಡುವುದೂ ಸಾಧನೆಯೇ. ವೀಣೆಯ ಬುರುಡೆಗೆ ಪೆಟ್ಟಾಗದಂತೆ, ತಬಲೆಯ ಚರ್ಮಕ್ಕೆ ತೇವ ತಗಲದಂತೆ ಕಲಾವಿದರು ಎಷ್ಟು ಜೋಪಾನ ಮಾಡುತ್ತಾರೆಂಬುದನ್ನು ನಾವು ನೋಡುತ್ತೇವೆ. ಮಗುವಿನ ಕಿವಿ ಅದಕ್ಕಿಂತ ಸೂಕ್ಷ್ಮವಾದುದು, ಕೆಟ್ಟರೆ ಸರಿಪಡಿಸಲಾಗದುದು.

ಈ ವರ್ಷದ ಉತ್ಸವಕ್ಕೆ ಮಕ್ಕಳನ್ನು ಕರೆತನ್ನಿ. ಚಪ್ಪರದ ಅಂಚಿನಲ್ಲಿ ಕೂರಿಸಿಕೊಳ್ಳಿ, ಕಿವಿಗೆ ಕವಚ ಹಾಕಿ, ಒಂದು ವಚನ ಕೇಳಿಸಿ, ನಿದ್ದೆ ಬರುವ ಮುನ್ನ ಮನೆಗೆ ಕರೆದೊಯ್ಯಿರಿ. ಮರುದಿನ ಬೆಳಿಗ್ಗೆ ಆಟವಾಡುತ್ತ ಆ ಹಾಡಿನ ಒಂದು ತುಣುಕನ್ನು ಮಗು ಗುನುಗಿದರೆ ಉತ್ಸವ ಸಾರ್ಥಕವಾಯಿತೆಂದು ತಿಳಿಯೋಣ.